ಟೊಮೆಟೊ ಗಿಡಕ್ಕೆ ಕ್ಷೌರ

“ಎಲೆ ನೋಡಿದ್ರೆ ಒಂದು ಗಾಡಿ ತುಂಬುತ್ತೆ. ಕಾಯಿ ನೋಡ್ಬೇಕು ಅಂದ್ರೆ ಮಾತ್ರ ಕನ್ನಡಕ ಹುಡುಕ್ಬೇಕು!”

ಮುಖದ ತುಂಬ ಸೋಪಿನ ನೊರೆ ಇಟ್ಟುಕೊಂಡೇ ಪೋಸ್ಟ್ ತಾತ ಹೀಗಂದ. ನಿವೃತ್ತನಾಗಿ ಹತ್ತು ವರ್ಷ ಕಳೆದಿದ್ದರೂ ಒಬ್ಬರ ಮನೆ ಸುದ್ದಿಯನ್ನು ಇನ್ನೊಬ್ಬರ ಮನೆಗೆ ತಲುಪಿಸುವ ಕೆಲಸವನ್ನು ತಾತ ಬಿಟ್ಟಿರಲಿಲ್ಲ. ದಿನ ಬಿಟ್ಟು ದಿನ ಕತ್ತರಿಯಣ್ಣನ ಸಲೂನಿಗೆ ಬರುತ್ತಿದ್ದ. ಗಡ್ಡ ತೆಗೆಸಿಕೊಳ್ಳುವುದು ಒಂದು ನೆಪ ಅಷ್ಟೇ.

ಕತ್ತರಿಯಣ್ಣ ಆ ಬೀದಿಯ ಕ್ಷೌರಿಕ. ಎರಡು ಕುರ್ಚಿ, ಒಂದು ಉದ್ದನೆಯ ಕನ್ನಡಿ, ಗೂಟಕ್ಕೆ ಸಾಲಾಗಿ ನೇತುಹಾಕಿದ ಬಿಳಿ ಟವೆಲ್ಲುಗಳು. ಕತ್ತರಿ ಹಿಡಿದು ಇಪ್ಪತ್ತೈದು ವರ್ಷವಾಗಿತ್ತು. ಕೈ ಬಹಳ ಶುದ್ಧ. ದೋಷ ಒಂದೇ, ಯಾವುದಾದರೂ ಸ್ವಲ್ಪ ಹೆಚ್ಚಾಗಿ ಬೆಳೆದದ್ದು ಕಂಡರೆ ಅವನ ಬೆರಳು ಸುಮ್ಮನಿರುತ್ತಿರಲಿಲ್ಲ. ಪರದೆಯ ದಾರ, ಚಾಪೆಯ ಅಂಚು, ಕ್ಯಾಲೆಂಡರಿನ ಮೂಲೆ, ಎಲ್ಲಕ್ಕೂ ಕತ್ತರಿ ಬೀಳುತ್ತಿತ್ತು. ಪಕ್ಕದ ಮನೆ ಬೆಕ್ಕಿನ ಮೀಸೆಯ ಮೇಲೂ ಕಣ್ಣಿಟ್ಟಿದ್ದಾನೆ ಎಂದು ತಾತ ಹೇಳುತ್ತಿದ್ದ. ಅದು ತಾತನ ಮಾತು, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಈಗ ತಾತ ಹೇಳುತ್ತಿದ್ದದ್ದು ಶಾಲೆಯ ಹಿಂದಿನ ಟೊಮೆಟೊ ಗಿಡಗಳ ವಿಷಯ. ಕತ್ತರಿಯಣ್ಣನ ಹೆಂಡತಿ ಮತ್ತು ಅವಳ ಮಹಿಳಾ ಸಂಘದ ನಾಲ್ವರು ಸೇರಿ ಆ ಖಾಲಿ ಜಾಗದಲ್ಲಿ ಆರು ಸಾಲು ನೆಟ್ಟಿದ್ದರು. ಇಪ್ಪತ್ತು ವರ್ಷ ಸಲೂನಿನ ಟವೆಲ್ಲು ಒಗೆದು, ಎರಡು ಮಾರು ಅಗಲದ ಅಂಗಳದಲ್ಲಿ ಒಣಗಿಸಿಕೊಂಡು ಬಂದವಳಿಗೆ ಒಂದಿಷ್ಟು ನೆಲದಲ್ಲಿ ಏನಾದರೂ ಬೆಳೆಯಬೇಕೆಂಬ ಆಸೆ ಮೊದಲಿಂದಲೂ ಇತ್ತು. ಶಾಲೆಯ ಹೆಡ್ ಮೇಡಂ ಒಪ್ಪಿಕೊಂಡಿದ್ದರು, ಆದರೆ ಸುಮ್ಮನೆ ಒಪ್ಪಿರಲಿಲ್ಲ.

“ಮೂರು ತಿಂಗಳು ಸಮಯ ಕೊಡ್ತೀನಿ. ಆರೂ ಸಾಲಿನಲ್ಲಿ ಬೆಳೆ ಕಂಡ್ರೆ ಜಾಗ ನಿಮಗೇ. ಇಲ್ಲಾಂದ್ರೆ ಗಾಡಿ ನಿಲ್ಲಿಸೋಕೆ ಕೊಟ್ಬಿಡ್ತೀನಿ. ಕೇಳೋರು ಸಾಲಾಗಿ ನಿಂತಿದ್ದಾರೆ,” ಎಂದಿದ್ದರು.

ಎರಡು ತಿಂಗಳು ಮುಗಿದಿತ್ತು. ಗಿಡ ಸೊಂಟದೆತ್ತರ ಬಂದಿತ್ತು. ಎಲೆ ದಟ್ಟವಾಗಿ ಹಬ್ಬಿ, ಹೂ ಬಿಟ್ಟು, ಗೋಲಿಯಷ್ಟು ದಪ್ಪದ ಹಸಿರು ಕಾಯಿ ಆಗತಾನೇ ಕಾಣಿಸಿಕೊಂಡಿದ್ದವು.

ಅಷ್ಟರಲ್ಲಿ ಹೆಂಡತಿಯ ತಂಗಿ ಬಿದ್ದು ಕೈ ಮುರಿದುಕೊಂಡಳು. ಆ ವಾರ ನೀರು ಹಾಕುವ ಸರದಿ ಹೆಂಡತಿಯದು.

“ರೀ, ಮೂರು ದಿನ ಹೋಗಿ ಬರ್ತೀನಿ. ಬೆಳಗ್ಗೆ ಗಿಡದ ಬುಡಕ್ಕೆ ನೀರು ಹಾಕಿ, ಅಷ್ಟು ಸಾಕು. ಬೇರೆ ಏನೂ ಮಾಡೋಕೆ ಹೋಗ್ಬೇಡಿ.”

“ನನಗೇನು ಗಿಡ ಗೊತ್ತಿಲ್ವಾ? ನೀನು ನಿಶ್ಚಿಂತೆಯಿಂದ ಹೋಗು,” ಎಂದ ಕತ್ತರಿಯಣ್ಣ.

ಮೊದಲ ದಿನ ನೀರು ಹಾಕಿದ. ಎರಡನೇ ದಿನ ಅಂಗಡಿಗೆ ವಾರದ ರಜೆ, ಕೈ ಖಾಲಿ. ಸಾಲುಗಳ ನಡುವೆ ನಿಂತು ನೋಡಿದ. ತಾತನ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ‘ಮಣ್ಣಿಂದ ಬರೋ ಸತ್ವವನ್ನೆಲ್ಲ ಈ ಎಲೆಗಳೇ ನುಂಗ್ತಿವೆ, ಕೂತು ತಿನ್ನೋ ಬಳಗ. ಇವನ್ನು ಕಳಿಸಿದ್ರೆ ಎಲ್ಲಾ ಕಾಯಿಗೇ ಹೋಗುತ್ತೆ. ಕತ್ತರಿಸಿದಷ್ಟೂ ಕೂದಲು ದಟ್ಟವಾಗಿ ಬರಲ್ವಾ?’ ಎಂದುಕೊಂಡ. ಹಾಗೆ ಕೂದಲೂ ದಟ್ಟವಾಗುವುದಿಲ್ಲ, ಅದು ಬೇರೆ ಮಾತು. ಕತ್ತರಿಯಣ್ಣ ಮನೆಗೆ ಹೋಗಿ ತನ್ನ ಒಳ್ಳೆಯ ಕತ್ತರಿಯನ್ನೇ ತಂದ.

“ಏನಪ್ಪಾ, ಮೀಡಿಯಮ್ಮಾ, ಶಾರ್ಟಾ?” ಎಂದು ಮೊದಲ ಗಿಡವನ್ನು ಕೇಳಿ, ಅದು ಸುಮ್ಮನಿದ್ದದ್ದಕ್ಕೆ ಶಾರ್ಟನ್ನೇ ಮಾಡಿದ. ತುದಿಯಲ್ಲಿ ಎರಡೆಲೆ ಬಿಟ್ಟು ಉಳಿದದ್ದನ್ನೆಲ್ಲ ಕಚಕಚನೆ ಕತ್ತರಿಸಿದ. ಮಧ್ಯಾಹ್ನದ ಹೊತ್ತಿಗೆ ನಾಲ್ಕು ಸಾಲು ಮುಗಿದವು. ಐದನೆಯದಕ್ಕೆ ಕೈ ಹಾಕುವಾಗ ಸೊಂಟ ಹಿಡಿದುಕೊಂಡಿತು. ಉಳಿದ ಎರಡು ಸಾಲು ಬಚಾವಾದದ್ದು ಅವನ ಬುದ್ಧಿಯಿಂದಲ್ಲ, ಸೊಂಟದ ದಯೆಯಿಂದ.

ಹೆಂಡತಿ ಊರಿಂದ ಬಂದವಳು ಚೀಲ ಕೂಡ ಇಳಿಸದೆ ಶಾಲೆಯ ಹಿಂದಕ್ಕೆ ಹೋದಳು. ಬರೀ ಕಡ್ಡಿಗಳಾಗಿ ನಿಂತ ನಾಲ್ಕು ಸಾಲನ್ನು ನೋಡಿದಳು, ಬೇಲಿ ಪಕ್ಕ ಒಣಗುತ್ತಿದ್ದ ಎಲೆಯ ಗುಡ್ಡೆಯನ್ನೂ ನೋಡಿದಳು.

“ಅಯ್ಯೋ, ಮೇಕೆ ನುಗ್ಗಿತ್ತಾ?”

“ಮೇಕೆ ಅಲ್ಲ ಕಣೇ, ನಾನು!” ಎಂದ ಹಿಂದೆಯೇ ಬಂದಿದ್ದ ಕತ್ತರಿಯಣ್ಣ ಹೆಮ್ಮೆಯಿಂದ. “ಈಗ ನೋಡ್ತಿರು, ಕಾಯಿ ಹೆಂಗೆ ಉಬ್ಬುತ್ತೆ ಅಂತ.”

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವತ್ತಿನಿಂದ ಬಾಯಿಗೆ ಬೀಗ ಹಾಕಿಕೊಂಡಳು. ತಟ್ಟೆ ಮುಂದೆ ಬರುತ್ತಿತ್ತು, ಒಗೆದ ಟವೆಲ್ಲು ಅಂಗಡಿಗೆ ಬರುತ್ತಿತ್ತು, ಮಾತು ಮಾತ್ರ ಬರುತ್ತಿರಲಿಲ್ಲ.

ವಾರ ಕಳೆಯಿತು. ಕಾಯಿ ಉಬ್ಬಲಿಲ್ಲ. ನೆರಳಿಲ್ಲದೆ ಬಿಸಿಲಿಗೆ ಬಿದ್ದ ಕಾಯಿಗಳ ಮೈಮೇಲೆ ಬಿಳಿ ಮಚ್ಚೆ ಎದ್ದವು. ಹೂ ಉದುರಿದವು. ಆಚೆಯ ಎರಡು ಸಾಲಿನಲ್ಲಿ ಮಾತ್ರ ಗೋಲಿಗಳು ನಿಂಬೆ ಗಾತ್ರಕ್ಕೆ ಬಂದಿದ್ದವು. ಕತ್ತರಿಯಣ್ಣನಿಗೆ ಒಳಗೊಳಗೇ ದಿಗಿಲಾಯಿತು. ಆದರೂ ಸೋಲೊಪ್ಪುವ ಜಾಯಮಾನ ಅವನದಲ್ಲ. ಒಂದು ಮೂಟೆ ಗೊಬ್ಬರ ಹೊತ್ತು ತಂದು ನಾಲ್ಕು ಸಾಲಿನ ಮುಂದೆ ಧೊಪ್ಪನೆ ಇಳಿಸಿದ.

“ನಿಲ್ಸಿ ಅಣ್ಣ! ಅದನ್ನು ಸುರಿದ್ರೆ ಇರೋ ಬೇರೂ ಸುಟ್ಟು ಹೋಗುತ್ತೆ.”

ಬೇಲಿಯಾಚೆ ಸ್ಕೂಟರ್ ನಿಲ್ಲಿಸಿ ಸಸಿಯಕ್ಕ ಒಳಗೆ ಬರುತ್ತಿದ್ದಳು. ನರ್ಸರಿಯಲ್ಲಿ ಸಸಿ ಬೆಳೆಸಿ ಮಾರುವವಳು. ತೋಟಗಾರಿಕೆಯ ತರಬೇತಿ ಪಡೆದವಳು, ಆ ಟೊಮೆಟೊ ಸಸಿಗಳನ್ನು ಕೊಟ್ಟವಳೂ ಅವಳೇ. ಅವಳ ಬೆನ್ನಿಗೇ, ಅವಳನ್ನು ಕರೆಸಿದ್ದ ಹೆಂಡತಿಯೂ ಬಂದು ಸಾಲಿನ ಕೊನೆಯಲ್ಲಿ ನಿಂತಳು.

“ಗಿಡಕ್ಕೆ ಊಟ ಬೇಡ್ವಾ?” ಎಂದ ಕತ್ತರಿಯಣ್ಣ. “ಊಟ ಇರೋದು ಮಣ್ಣಲ್ಲಿ. ಜಾಸ್ತಿ ಹಾಕಿದ್ರೆ ಜಾಸ್ತಿ ತಿನ್ನುತ್ತೆ.”

“ಅಣ್ಣ, ನಿಮ್ಮನೇಲಿ ಅಡುಗೆ ಎಲ್ಲಿ ಮಾಡ್ತಾರೆ?”

“ಅಡುಗೆಮನೇಲಿ. ಇನ್ನೆಲ್ಲಿ ಮಾಡ್ತಾರೆ?”

“ನೀವು ನಾಲ್ಕು ಸಾಲಿನ ಅಡುಗೆಮನೆ ಕಿತ್ತು ಬೇಲಿ ಪಕ್ಕ ಗುಡ್ಡೆ ಹಾಕಿದ್ದೀರಿ. ಈಗ ಉಪ್ಪಿನ ಮೂಟೆ ತಂದು ಊಟ ಮಾಡು ಅಂತಿದ್ದೀರಿ. ಗೊಬ್ಬರ ಬೇಕು ಅಣ್ಣ, ಆದ್ರೆ ಅಡುಗೆಗೆ ಉಪ್ಪು ಬೇಕಲ್ಲ, ಅಷ್ಟು. ಗಿಡದ ಊಟ ತಯಾರಾಗೋದು ಎಲೆಯಲ್ಲಿ.”

“ಎಲೆಯಲ್ಲಾ? ಎಲೆ ಏನು ಮಾಡುತ್ತೆ? ಗಾಳಿಗೆ ಅಲ್ಲಾಡುತ್ತೆ, ಅಷ್ಟೇ.”

ಸಸಿಯಕ್ಕ ಐದನೇ ಸಾಲಿನ ಒಂದು ಎಲೆಯನ್ನು ಕೀಳದೆ ಮೆಲ್ಲಗೆ ಮಗುಚಿ ತೋರಿಸಿದಳು.

“ಇದರ ಅಡಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿವೆ. ಅಲ್ಲಿಂದ ಗಾಳಿ ಒಳಗೆ ಹೋಗುತ್ತೆ. ನಾವು ಉಸಿರು ಬಿಟ್ಟಾಗ ಇಂಗಾಲದ ಡೈಆಕ್ಸೈಡ್ ಹೊರಗೆ ಬರುತ್ತಲ್ಲ, ಗಾಳಿಯಲ್ಲಿರೋ ಅದೇ ಎಲೆಗೆ ಬೇಕಾಗಿರೋದು. ಬೇರು ಕೆಳಗಿಂದ ನೀರು ಕಳಿಸುತ್ತೆ. ಎರಡನ್ನೂ ಸೇರಿಸಿ ಎಲೆ ಸಕ್ಕರೆ ಮಾಡುತ್ತೆ.”

“ಒಲೆ ಇಲ್ದೆ?”

“ಒಲೆ ಮೇಲಿದೆ, ನೋಡಿ.” ಅವಳು ಸೂರ್ಯನ ಕಡೆ ಕೈ ತೋರಿಸಿದಳು. “ಎಲೆಯಲ್ಲಿರೋ ಹಸಿರಿಗೆ ಪತ್ರಹರಿತ್ತು ಅಂತಾರೆ. ಅದು ಬಿಸಿಲನ್ನು ಹಿಡಿಯುತ್ತೆ. ಆ ಬಿಸಿಲಿನ ಶಕ್ತಿಯೇ ಸಕ್ಕರೆಯೊಳಗೆ ಸೇರ್ಕೊಳ್ಳೋದು. ಆ ಸಕ್ಕರೆ ಕಾಂಡದ ದಾರಿ ಹಿಡಿದು ಕಾಯಿಗೆ, ಬೇರಿಗೆ, ಹೊಸ ಚಿಗುರಿಗೆ ಹೋಗುತ್ತೆ. ಆಗಲೇ ಖರ್ಚಾಗದೆ ಉಳಿದದ್ದನ್ನು ಎಲೆ ಪಿಷ್ಟ ಮಾಡಿ ಇಟ್ಕೊಳ್ಳುತ್ತೆ. ಬಟ್ಟೆಗೆ ಹಾಕೋ ಗಂಜಿ ಇದೆಯಲ್ಲ, ಆ ಜಾತಿಯದು. ಈ ಕೆಲಸ ಮಾಡ್ತಾ ಮಾಡ್ತಾ ಆಮ್ಲಜನಕ ಹೊರಗೆ ಬಿಡುತ್ತೆ, ಅದು ನಮ್ಮ ಉಸಿರಿಗೆ ಬರುತ್ತೆ. ಪುಸ್ತಕದಲ್ಲಿ ಇದಕ್ಕೆ ದ್ಯುತಿಸಂಶ್ಲೇಷಣೆ ಅಂತಾರೆ. ಹೇಳೋಕೆ ನಾಲಿಗೆ ಹೊರಳದಿದ್ರೂ ಪರವಾಗಿಲ್ಲ, ಎಲೆಗೆ ಗೊತ್ತಿದೆ.”

“ಹಾಗಿದ್ರೆ ನಾನೂ ಬಿಸಿಲಲ್ಲಿ ನಿಂತ್ರೆ ಹೊಟ್ಟೆ ತುಂಬಬೇಕಲ್ಲ?”

“ನೀವು ಹಸಿರಾಗಿಲ್ವಲ್ಲ ಅಣ್ಣ.”

ಸಾಲಿನ ಕೊನೆಯಲ್ಲಿ ಹೆಂಡತಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ನಕ್ಕಳೋ ಇಲ್ಲವೋ ಕತ್ತರಿಯಣ್ಣನಿಗೆ ತಿಳಿಯಲಿಲ್ಲ, ಅವನಿಗೆ ಮೈಯೆಲ್ಲ ಉರಿಯಿತು.

“ಮತ್ತೆ ಮೊದಲು ಎಲೆ ಮಾತ್ರ ಬಂತಲ್ಲ, ಕಾಯಿ ಇರ್ಲಿಲ್ವಲ್ಲ?”

“ಅಡುಗೆಮನೆ ಕಟ್ಟದೆ ಯಾರಾದ್ರೂ ನೆಂಟರನ್ನು ಕರೀತಾರಾ? ಗಿಡ ಮೊದಲು ಎಲೆ ಬೆಳೆಸ್ಕೊಳ್ಳುತ್ತೆ, ಆಮೇಲೆ ಕಾಯಿ. ಇನ್ನು ಎರಡು ವಾರ ತಾಳಿದ್ರೆ ಆಗ್ತಿತ್ತು.”

“ಇದೆಲ್ಲ ಬಾಯಿಮಾತು. ಕಣ್ಣಾರೆ ನೋಡದೆ ನಾನು ನಂಬೋನಲ್ಲ.”

“ತೋರಿಸ್ತೀನಿ, ನಿಮ್ಮ ಅಂಗಡೀಲೇ. ಸ್ಪಿರಿಟ್ ಇದೆಯಾ?”

“ರೇಜರ್ ಒರೆಸೋಕೆ ಇಟ್ಟಿದ್ದೀನಿ.”

“ಗಾಯಕ್ಕೆ ಹಚ್ಚೋ ಟಿಂಚರ್ ಅಯೋಡಿನ್?”

“ನನ್ನ ಕೈಯಲ್ಲಿ ಯಾರಿಗೂ ಗಾಯ ಆಗಲ್ಲ,” ಎಂದ ಕತ್ತರಿಯಣ್ಣ. ಆಮೇಲೆ ದನಿ ತಗ್ಗಿಸಿ, “ಒಂದು ಬಾಟಲಿ ಇದೆ,” ಎಂದ.

ಸಸಿಯಕ್ಕ ಅವನಿಂದಲೇ ಎಲ್ಲ ಮಾಡಿಸಿದಳು. ಕೂದಲಿಗೆ ಹಚ್ಚುವ ಬಣ್ಣದ ಡಬ್ಬಿಯಿಂದ ಕಪ್ಪು ರಟ್ಟು ಕತ್ತರಿಸಿ ತಂದ. ಐದನೇ ಸಾಲಿನ ಒಂದು ಅಗಲ ಎಲೆಯನ್ನು ಅವನೇ ಆರಿಸಿದ. ಎಲೆ ಗಿಡದಲ್ಲಿ ಇದ್ದ ಹಾಗೇ, ನಡುವೆ ಅಡ್ಡಲಾಗಿ ಮೇಲೊಂದು ಕೆಳಗೊಂದು ರಟ್ಟಿನ ಪಟ್ಟಿ ಇಟ್ಟು, ಅಂಗಡಿಯ ಹೇರ್ ಕ್ಲಿಪ್ ಸಿಕ್ಕಿಸಿದ. ಎರಡು ದಿನ ಒಳ್ಳೆಯ ಬಿಸಿಲು ಬಿತ್ತು.

ಮೂರನೇ ದಿನ ಮಧ್ಯಾಹ್ನ ಎಲೆ ಸಲೂನಿಗೆ ಬಂತು. ತಾತ ಹೊತ್ತಿಗೆ ಮುಂಚೆಯೇ ಬಂದು ಕುರ್ಚಿ ಹಿಡಿದಿದ್ದ. ಹೆಂಡತಿ ಟವೆಲ್ಲು ಒಯ್ಯುವ ನೆಪದಲ್ಲಿ ಬಾಗಿಲಲ್ಲಿ ನಿಂತಳು.

ಮೊದಲು ಎಲೆಯನ್ನು ಅಂಗಡಿಯ ಸಣ್ಣ ಒಲೆಯ ಮೇಲೆ ಕುದಿಯುವ ನೀರಿನಲ್ಲಿ ಎರಡು ನಿಮಿಷ ಅದ್ದಿದರು. ಸಸಿಯಕ್ಕ ಒಲೆ ಆರಿಸಿ, ಅದನ್ನು ಎರಡೆರಡು ಸಲ ನೋಡಿ ಖಚಿತ ಮಾಡಿಕೊಂಡಳು. “ಸ್ಪಿರಿಟ್ ಬೆಂಕಿ ಹತ್ತಿರ ಹೋಗ್ಬಾರ್ದು. ಮಕ್ಕಳ ಕೈಗೂ ಕೊಡ್ಬಾರ್ದು.” ಆಮೇಲೆ ಶೇವಿಂಗ್ ಮಗ್ಗಿಗೆ ಸ್ಪಿರಿಟ್ ಸುರಿದು, ಎಲೆ ಹಾಕಿ, ಮಗ್ಗನ್ನು ಬಿಸಿನೀರಿನ ಪಾತ್ರೆಯಲ್ಲಿ ಇಟ್ಟಳು.

“ಇನ್ನು ಮೇಲೆ ಆ ಮಗ್ಗಿಂದ ನನಗೆ ಸೋಪು ಹಚ್ಬೇಡಪ್ಪಾ,” ಎಂದ ತಾತ.

ಸ್ವಲ್ಪ ಹೊತ್ತಿಗೆ ಸ್ಪಿರಿಟ್ ಹಸಿರಾಯಿತು, ಎಲೆ ಬಿಳಚಿಕೊಂಡಿತು. ಎಲೆಯನ್ನು ನೀರಿನಲ್ಲಿ ತೊಳೆದು ತಟ್ಟೆಯ ಮೇಲೆ ಹರಡಿದರು. ಟಿಂಚರಿಗೆ ಒಂದಿಷ್ಟು ನೀರು ಬೆರೆಸಿ ಸಸಿಯಕ್ಕ ಕತ್ತರಿಯಣ್ಣನ ಕೈಗೇ ಕೊಟ್ಟಳು. “ಪಿಷ್ಟ ಇರೋ ಕಡೆ ಇದು ಕಪ್ಪು ನೀಲಿ ಆಗುತ್ತೆ. ಇಲ್ಲದ ಕಡೆ ಆಗಲ್ಲ. ನೀವೇ ಹಾಕಿ.”

ಅವನು ಹನಿ ಹನಿಯಾಗಿ ಹಾಕಿದ. ಎಲೆಯ ಎರಡು ಕೊನೆಯೂ ನಿಧಾನವಾಗಿ ಕಪ್ಪುನೀಲಿಗೆ ತಿರುಗಿದವು. ನಡುವೆ, ರಟ್ಟು ಮುಚ್ಚಿದ್ದ ಕಡೆ, ಟಿಂಚರಿನ ಕಂದು ಬಣ್ಣವೇ ಉಳಿಯಿತು. ಗೆರೆ ಎಳೆದ ಹಾಗೆ ಪಟ್ಟಿ ಕಂಡಿತು.

“ಈ ಪಟ್ಟಿಗೂ ನೀರು ಹೋಗಿತ್ತು, ಗೊಬ್ಬರದ ಸತ್ವ ಹೋಗಿತ್ತು,” ಎಂದಳು ಸಸಿಯಕ್ಕ. “ಬಿಸಿಲೊಂದು ಸಿಗಲಿಲ್ಲ. ಎರಡು ದಿನ ಉಪವಾಸ ಬಿತ್ತು.”

ಕತ್ತರಿಯಣ್ಣ ತಟ್ಟೆಯನ್ನು ಕನ್ನಡಿ ಹತ್ತಿರ ಹಿಡಿದು ನೋಡಿದ, ಬಾಗಿಲ ಬೆಳಕಿಗೆ ಹಿಡಿದು ನೋಡಿದ. ಬೇಲಿ ಪಕ್ಕದ ಎಲೆಯ ಗುಡ್ಡೆ ಕಣ್ಣ ಮುಂದೆ ಬಂತು. ಒಂದೊಂದು ಎಲೆಯೂ ದುಡಿಯುತ್ತಿತ್ತು, ಅದನ್ನು ಕೂತು ತಿನ್ನುವ ಬಳಗ ಎಂದವನು ಅವನು. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು.

“ತಪ್ಪಾಯ್ತು ಕಣೇ,” ಎಂದ ಬಾಗಿಲ ಕಡೆ ತಿರುಗಿ.

“ತಪ್ಪಾಯ್ತು ಅಂದ್ರೆ ಎಲೆ ಬರುತ್ತಾ?” ಹತ್ತು ದಿನಕ್ಕೆ ಅವಳ ಬಾಯಿಂದ ಬಂದ ಮೊದಲ ಮಾತು ಅದು.

“ಎಲೆ ಬರುತ್ತೆ ಅಕ್ಕ,” ಎಂದಳು ಸಸಿಯಕ್ಕ. “ತುದಿ ಬಿಟ್ಟಿದ್ದಾರಲ್ಲ, ಚಿಗುರುತ್ತೆ. ಬರೋ ಚಿಗುರನ್ನು ಮುಟ್ಬೇಡಿ. ಮಧ್ಯಾಹ್ನದ ಬಿಸಿಲಿಗೆ ಕಾಯಿಗಳ ಮೇಲೆ ತೆಳು ಬಟ್ಟೆ ಕಟ್ಟಿ, ಎಲೆ ಮೇಲೆ ಬೇಡ. ನೀರು ಹದವಾಗಿ ಹಾಕಿ. ಆ ಮೂಟೆ ವಾಪಸ್ ಕೊಟ್ಬಿಡಿ. ಆದ್ರೆ ತಿಂಗಳ ಕೊನೆಗೆ ಈ ನಾಲ್ಕು ಸಾಲಲ್ಲಿ ಕಾಯಿ ಕೇಳ್ಬೇಡಿ. ಅಷ್ಟು ಬೇಗ ಆಗೋ ಕೆಲಸ ಅಲ್ಲ ಅದು.”

ಹೆಂಡತಿ ಟವೆಲ್ಲುಗಳನ್ನು ಎದೆಗೆ ಅವಚಿಕೊಂಡು ಹೊರಟು ಹೋದಳು. ಜಾಗ ಕೈತಪ್ಪಿದ ಹಾಗೇ ಎಂದು ಅವಳಿಗೆ ಅನ್ನಿಸಿತ್ತು, ಅವಳ ನಡಿಗೆಯಲ್ಲೇ ಅದು ಕಾಣುತ್ತಿತ್ತು.

ಅಲ್ಲಿಂದ ಮೂರು ವಾರ ಕತ್ತರಿಯಣ್ಣ ದಿನಾ ಬೆಳಗ್ಗೆ ಅಂಗಡಿಗೆ ಮುಂಚೆ ಗಿಡದ ಹತ್ತಿರ ಹೋದ. ಹಳೇ ಟವೆಲ್ಲು ಹರಿದು ಕಾಯಿಗಳಿಗೆ ನೆರಳು ಕಟ್ಟಿದ. ಚಿಗುರು ಒಡೆದಾಗ ಎಣಿಸಿ ಬಂದು ಹೆಂಡತಿಗೆ ಹೇಳಿದ. ಅವಳು ಕೇಳಿಸಿಕೊಂಡಳು, ಆದರೆ ಮುಖ ಅರಳಲಿಲ್ಲ.

ಹೇಳಿದ ದಿನ ಹೆಡ್ ಮೇಡಂ ಬಂದರು. ಮಕ್ಕಳನ್ನು ಬಿಡಲು ಬಂದ ತಂದೆತಾಯಂದಿರೂ ಬೇಲಿ ಹತ್ತಿರ ಸೇರಿದರು. ತಾತ ಬಾರದೆ ಇರುತ್ತಾನೆಯೇ? ಎರಡು ಸಾಲಿನಲ್ಲಿ ಕೆಂಪು ಹಣ್ಣು ಗೊಂಚಲು ಗೊಂಚಲಾಗಿ ನೇತಾಡುತ್ತಿದ್ದವು. ಕೊಯ್ದ ಹಣ್ಣು ಬುಟ್ಟಿ ತುಂಬಿ ಪಕ್ಕದಲ್ಲಿ ಇನ್ನೂ ಗುಡ್ಡೆಯಾಗಿತ್ತು. ನಾಲ್ಕು ಸಾಲಿನಲ್ಲಿ ಎಳೆ ಎಲೆ, ಅಲ್ಲೊಂದು ಇಲ್ಲೊಂದು ಹೂ, ಬಿಳಿ ಮಚ್ಚೆಯ ಒಂದಿಷ್ಟು ಕಾಯಿ.

ಮೇಡಂ ಎರಡು ಸಲ ಓಡಾಡಿ ನೋಡಿದರು. “ಎರಡು ಸಾಲು ಹೀಗೆ, ನಾಲ್ಕು ಸಾಲು ಹಾಗೆ. ಐದು ಜನರಲ್ಲಿ ಒಂದಿಬ್ಬರು ಮಾತ್ರ ಕೆಲಸ ಮಾಡಿದ್ರಾ? ಉಳಿದವರು ಏನು ಮಾಡ್ತಿದ್ರಿ?”

ಐವರೂ ತಲೆ ತಗ್ಗಿಸಿ ನಿಂತರು. ‘ಯಜಮಾನರ ಹೆಸರು ಎತ್ತಬೇಡಿ’ ಎಂದು ಹೆಂಡತಿ ಉಳಿದವರ ಕೈ ಹಿಡಿದು ಕೇಳಿಕೊಂಡಿದ್ದಳು. ಬುಟ್ಟಿ ಹೊರಲು ಬಂದಿದ್ದ ಕತ್ತರಿಯಣ್ಣನಿಗೆ ಇದು ಗೊತ್ತಿರಲಿಲ್ಲ, ಆದರೆ ಅವರ ಮುಖ ನೋಡಿ ಗೊತ್ತಾಯಿತು. ಈಗ ಬಾಯಿಬಿಟ್ಟರೆ ತಾತನ ಕೃಪೆಯಿಂದ ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ನಾಳೆಯಿಂದ ಕುರ್ಚಿಯಲ್ಲಿ ಕೂತವರೆಲ್ಲ ನಗುತ್ತಾರೆ. ಆದರೂ ಮುಂದೆ ಬಂದ.

“ಮೇಡಂ, ಇದು ಇವರ ಸೋಮಾರಿತನ ಅಲ್ಲ, ನನ್ನ ಅತಿಬುದ್ಧಿ. ಇವಳು ಊರಲ್ಲಿ ಇಲ್ಲದಾಗ ನಾಲ್ಕು ಸಾಲಿನ ಎಲೆ ನಾನು ಕತ್ತರಿಸಿದೆ. ಎಲೆ ಸುಮ್ಮನೆ ಸತ್ವ ತಿನ್ನುತ್ತೆ ಅಂದ್ಕೊಂಡಿದ್ದೆ. ತಿನ್ನೋದಲ್ಲ ಮೇಡಂ, ಅದು ಮಾಡಿ ಬಡಿಸೋದು. ಆರೂ ಸಾಲಿಗೆ ಒಂದೇ ಮಣ್ಣು, ಒಂದೇ ನೀರು, ಒಂದೇ ಗೊಬ್ಬರ, ಒಂದೇ ಬಿಸಿಲು. ಆ ಎರಡು ಸಾಲಲ್ಲಿ ಬಿಸಿಲು ಹಿಡಿಯೋಕೆ ಎಲೆ ಇತ್ತು, ಈ ನಾಲ್ಕರಲ್ಲಿ ಇರಲಿಲ್ಲ. ವ್ಯತ್ಯಾಸ ಅಷ್ಟೇ. ಶಿಕ್ಷೆ ಕೊಡೋದಾದ್ರೆ ನನಗೆ ಕೊಡಿ, ಜಾಗ ಮಾತ್ರ ಇವರಿಂದ ಕಿತ್ಕೋಬೇಡಿ.”

ಯಾರೋ ಕಿಸಕ್ಕೆಂದರು. ಮೇಡಂ ನಗಲಿಲ್ಲ. ಎಳೆ ಎಲೆಯ ಸಾಲನ್ನೂ ಹಣ್ಣಿನ ಸಾಲನ್ನೂ ಇನ್ನೊಮ್ಮೆ ನೋಡಿದರು.

“ವರ್ಷ ವರ್ಷ ಇದನ್ನು ಹಲಗೆ ಮೇಲೆ ಬರೆದು ಹೇಳ್ತೀನಿ. ಮಕ್ಕಳು ಬಾಯಿಪಾಠ ಮಾಡ್ತಾರೆ, ಮರೀತಾರೆ,” ಎಂದರು. “ಈ ಆರು ಸಾಲನ್ನು ಹೀಗೇ ಬಿಡಿ. ನಾಳೆ ಪಾಠ ಇಲ್ಲೇ. ಇನ್ನು ಮೂರು ತಿಂಗಳು ಜಾಗ ನಿಮ್ಮದು. ಎರಡು ಸಾಲನ್ನು ಇಷ್ಟು ಚೆನ್ನಾಗಿ ಬೆಳೆಸಿದವರು ಆರನ್ನೂ ಬೆಳೆಸ್ತೀರಿ.”

ಜನ ಚದುರಿದ ಮೇಲೆ ಕತ್ತರಿಯಣ್ಣ ಬುಟ್ಟಿಯ ಒಂದು ಹಿಡಿ ಹಿಡಿದು ಎತ್ತಲು ನೋಡಿದ. ಬಹಳ ಭಾರ.

“ಅಷ್ಟು ಜನರ ಮುಂದೆ ಹೇಳ್ಬೇಕಿತ್ತಾ?” ಎಂದಳು ಹೆಂಡತಿ.

“ಅಷ್ಟು ಜನರ ಮುಂದೆ ನಿನಗೆ ಬೈಗುಳ ಬಿತ್ತಲ್ಲ.”

ಅವಳು ಬುಟ್ಟಿಯ ಇನ್ನೊಂದು ಹಿಡಿ ಹಿಡಿದಳು. ಇಬ್ಬರೂ ಸೇರಿ ಎತ್ತಿದರು.

ಓದುತ್ತಿರುವ ಅಕ್ಕ, ಅಣ್ಣ, ನಿಮಗೂ ಒಂದು ಮಾತು. ನಿಮ್ಮ ಹಿತ್ತಲಲ್ಲೋ ಮಾಳಿಗೆಯ ಮೇಲೋ ಒಂದು ಗಿಡ ಇರಬಹುದು. ಹಳದಿಯಾದ ಎಲೆ, ರೋಗ ಬಂದ ಎಲೆ, ಮಣ್ಣಿಗೆ ತಾಗಿ ಕೊಳೆಯುವ ಎಲೆ ತೆಗೆಯಿರಿ, ತಪ್ಪಿಲ್ಲ. ಆರೋಗ್ಯವಾಗಿರುವ ಹಸಿರೆಲೆಯನ್ನು ಬಿಡಿ. ಬಿಸಿಲು ಬೇಡುವ ಗಿಡವನ್ನು ಬಿಸಿಲು ಬರುವ ಕಡೆ ಇಡಿ. ಎಲೆಯ ಮೇಲೆ ಧೂಳು ಕೂತಿದ್ದರೆ ನೀರು ಚಿಮುಕಿಸಿ ತೊಳೆಯಿರಿ. ಗೊಬ್ಬರ ಹದವಾಗಿರಲಿ. ನಂಬಿಕೆ ಬಾರದಿದ್ದರೆ ಒಂದೇ ಒಂದು ಎಲೆಗೆ ಕಪ್ಪು ಪಟ್ಟಿ ಕಟ್ಟಿ, ಗೊತ್ತಿರುವವರನ್ನು ಜೊತೆಗಿಟ್ಟುಕೊಂಡು ಪರೀಕ್ಷೆ ಮಾಡಿ ನೋಡಿ.

ನೀವು ಇವತ್ತು ಉಂಡ ಊಟ ನಿಮ್ಮ ಒಲೆಗೆ ಬರುವ ಮುಂಚೆ ಯಾವುದೋ ಹಸಿರೆಲೆಯಲ್ಲಿ ತಯಾರಾಗಿತ್ತು. ಆ ಎಲೆಯನ್ನು ಯಾರೋ ಕೀಳದೆ ಬಿಟ್ಟಿದ್ದರು.